ಕರೆಪ್ಪನ ಎಡಗಡೆಯ ಸೀಟು

ಹೆಸರು ಮುದಿಯಪ್ಪ, ವಯಸ್ಸು ಇಪ್ಪತ್ನಾಲ್ಕು. ಮುತ್ತಜ್ಜನ ಹೆಸರನ್ನು ಹುಡುಕಿ ತೆಗೆದು ಕೂಸಿಗೆ ಇಡುವ ಮನೆಯಲ್ಲಿ ಹುಟ್ಟಿದರೆ ಹೀಗೇ, ತೊಟ್ಟಿಲಲ್ಲಿರುವಾಗಲೇ ಮುದುಕನಾಗಬೇಕು. ಇಷ್ಟು ವರ್ಷ ಆ ಹೆಸರು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಲಾರಿ ಓಡಿಸುವ ಲೈಸೆನ್ಸು ಧಾರವಾಡದಿಂದ ಕೈಗೆ ಬಂದ ಮೇಲೆ ತೊಂದರೆ ಶುರುವಾಯಿತು. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯವನು ಪುಣ್ಯಾತ್ಮ, ಬಂದ ಬಂದ ಲಾರಿ ಮಾಲಕರಿಗೆಲ್ಲ ನಮ್ಮೂರಲ್ಲಿ ಮುದಿಯಪ್ಪ ಅಂತ ಒಬ್ಬ ಡ್ರೈವರ್ ಇದ್ದಾನೆ ಎಂದು ಹೇಳಿಡುತ್ತಿದ್ದ. ಅವರೋ ನರೆತ ಮೀಸೆಯ, ಹತ್ತೂರ ನೀರು ಕುಡಿದ ಆಸಾಮಿ ಬರುತ್ತಾನೆಂದು ಕಾದರೆ, ಎದುರಿಗೆ ಬಂದು ನಿಲ್ಲುತ್ತಿದ್ದವನು ಎಳೆ ಮೀಸೆಯ ಹುಡುಗ. ಕೈಯಲ್ಲಿ ಇನ್ನೂ ಮಡಿಕೆ ಬೀಳದ ಲೈಸೆನ್ಸು. ನಕ್ಕು ಚಹಾ ಕುಡಿಸಿ ಕಳಿಸುತ್ತಿದ್ದರು.

ಮುದಿಯಪ್ಪ ನೇಕಾರರ ಮನೆಯವನು. ಹತ್ತನೇ ವಯಸ್ಸಿಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು. ಕೆಳಗೆ ಕಾಲಲ್ಲಿ ಹಲಗೆ ಒತ್ತಿದರೆ ಮೇಲೆ ನೂಲು ಎರಡಾಗಿ ಬಾಯಿ ಬಿಡುತ್ತದೆ, ಆ ಬಾಯೊಳಗೆ ಲಾಳಿ ಓಡುತ್ತದೆ. ಇದು ಅವನಿಗೆ ಉಸಿರಾಡಿದಷ್ಟೇ ಗೊತ್ತು. ಗದಗಿನಿಂದ ನೂಲಿನ ಗಂಟು ಹೊತ್ತು ಬರುತ್ತಿದ್ದ ಲಾರಿಯನ್ನು ಮೊದಲ ಸಲ ಕಂಡಾಗ ಅವನು ನೋಡಿದ್ದು ಅದರ ದೊಡ್ಡ ಮೂತಿಯನ್ನಲ್ಲ, ಡ್ರೈವರನ ಕಾಲನ್ನು. ಇಲ್ಲಿ ಒತ್ತಿದರೆ ಎಲ್ಲಿ ಏನು ಏಳುತ್ತದೆ? ಆ ಒಂದು ಪ್ರಶ್ನೆ ತಲೆಗೆ ಹೊಕ್ಕಿದ್ದೇ ಹೊಕ್ಕಿದ್ದು, ಅಪ್ಪ ತೀರಿಕೊಂಡ ಮೇಲೆ ಎರಡು ವರ್ಷ ಅದೇ ಲಾರಿಯಲ್ಲಿ ಕ್ಲೀನರ್ ಆಗಿ ದುಡಿದ, ಓಡಿಸುವುದನ್ನು ಕಲಿತ. ಲೈಸೆನ್ಸು ಬರುವ ಹೊತ್ತಿಗೆ ಆ ಲಾರಿಯನ್ನು ಮಾಲಕ ಮಾರಿಬಿಟ್ಟಿದ್ದ.

ಆಮೇಲೆ ಶುರುವಾಯಿತು ಅಲೆದಾಟ. ಸರ್ಕಾರಿ ಬಸ್ಸಿನ ಕಚೇರಿಯಲ್ಲಿ, ಮೂರು ವರ್ಷ ಗಾಡಿ ಓಡಿಸಿದ ದಾಖಲೆ ತಾ ಎಂದರು. ರೋಣದ ಹತ್ತಿ ಮಿಲ್ಲಿನವರು, ಒಂದು ವರ್ಷ ಬೇರೆಯವರ ಗಾಡಿ ಓಡಿಸಿ ಬಾ, ಆಮೇಲೆ ನಮ್ಮದು ಕೊಡುತ್ತೇವೆ ಎಂದರು. ನರಗುಂದದ ಅಡತಿ ಅಂಗಡಿಯವನಂತೂ, ನೀನು ಓಡಿಸಿದ್ದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ ಎಂದು ಕೇಳಿದ. ಓಡಿಸಲಿಕ್ಕೆ ಕೊಟ್ಟರೆ ತಾನೆ ಕಾಣುವುದು? ಹುಚ್ಚು ಬಿಡೋತನಕ ಮದುವೆ ಆಗೋದಿಲ್ಲ, ಮದುವೆ ಆಗೋತನಕ ಹುಚ್ಚು ಬಿಡೋದಿಲ್ಲ ಅಂತಾರಲ್ಲ, ಹಾಗಾಗಿತ್ತು ಅವನ ಪಾಡು.

ಮದುವೆಯೇನೋ ಆಗಿತ್ತು, ಎಂಟು ತಿಂಗಳಾಗಿತ್ತು. ಹೆಂಡತಿ ದ್ರಾಕ್ಷಾಯಣಿಯ ಅಣ್ಣ ಹುಬ್ಬಳ್ಳಿಯಲ್ಲಿದ್ದ. ಅವನು ಮುಂಬಯಿಗೆ ಹೋಗುವ ಲಾರಿಯೊಂದರಲ್ಲಿ ಎರಡನೇ ಡ್ರೈವರನ ಜಾಗ ನೋಡಿ, ಮುಂದಿನ ಸೋಮವಾರದೊಳಗೆ ಬಂದರೆ ಉಂಟು, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದು ಕಾಗದ ಹಾಕಿದ್ದ. ಹೋದರೆ ತಿಂಗಳಿಗೊಮ್ಮೆ ಮನೆ ಮುಖ ಕಂಡರೆ ಹೆಚ್ಚು. ಮುದಿಯಪ್ಪ ಕಾಗದ ಓದಿ ಹೇಳಿದಾಗ ದ್ರಾಕ್ಷಾಯಣಿ ಮಗ್ಗದಲ್ಲಿದ್ದಳು.

"ನೀವು ಹೋಗ್ರಿ, ನಾ ಬ್ಯಾಡನ್ನೂದಿಲ್ಲ," ಎಂದಳು. "ಆದ್ರ ನಾ ಬರಬೇಕಂದ್ರ ಮಗ್ಗದ ಕುಣಿ ಹೊತ್ಕೊಂಡು ಬರಾಕಾಗೂದಿಲ್ಲ ನೋಡ್ರಿ."

ಹೇಳಿ ಲಾಳಿ ಒಗೆದಳು. ಅಳುವ ಹೆಣ್ಣಲ್ಲ ಅವಳು. ಆದರೆ ಅವತ್ತು ಸಂಜೆಯವರೆಗೆ ಹಣಿಗೆಯ ಪೆಟ್ಟು ನೂಲಿನ ಮೇಲೆ ಬೀಳಬೇಕಾದ್ದಕ್ಕಿಂತ ಜೋರಾಗಿಯೇ ಬೀಳುತ್ತಿತ್ತು. ಮುದಿಯಪ್ಪನಿಗೆ ಅದು ಎದೆಯ ಮೇಲೆ ಬಿದ್ದ ಹಾಗಾಯಿತು. ಅವನಿಗೆ ಅವಳನ್ನು ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಉಳಿದದ್ದು ನರೇಗಲ್ಲಿನ ಸಾವಕಾರ ಈಶಪ್ಪ ಒಬ್ಬರೇ. ಹತ್ತಿ, ಶೇಂಗಾ, ನೂಲು ಎಲ್ಲದರಲ್ಲೂ ಅವರ ವ್ಯಾಪಾರವಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಲಾರಿ ಅವರಲ್ಲಿತ್ತು. ಅದರ ಡ್ರೈವರ್ ಕರೆಪ್ಪ ಎಂದರೆ ಆ ಸೀಮೆಗೆಲ್ಲ ಗೊತ್ತು. ರೋಣ, ನರಗುಂದ, ಗಜೇಂದ್ರಗಡದ ಹಾದಿಯಲ್ಲಿ ಅವನ ಗಾಲಿ ಉರುಳದ ದಿನವಿಲ್ಲ. ಈಗ ವಯಸ್ಸಾಯಿತು, ಜೊತೆಗೆ ಒಬ್ಬ ಇರಲಿ ಎಂದು ಸಾವಕಾರರು ಹುಡುಕುತ್ತಿದ್ದರು. ಆದರೆ ಒಂದೇ ಕರಾರು: ಕರೆಪ್ಪ ಒಪ್ಪಬೇಕು. ನಾಲ್ಕು ಜನ ಬಂದಿದ್ದರು, ನಾಲ್ವರನ್ನೂ ಕರೆಪ್ಪ ಎಡಗಡೆಯ ಸೀಟಿನಲ್ಲಿ ಎರಡು ದಿನ ಕೂರಿಸಿಕೊಂಡು ಸುತ್ತಿಸಿ, ಬೇಡ ಎಂದಿದ್ದ. ಅದರಲ್ಲಿ ಒಬ್ಬ ಗಜೇಂದ್ರಗಡದ ಚಹಾದ ಅಂಗಡಿಯಲ್ಲಿ ಸಿಟ್ಟಿನಿಂದ ಹೇಳಿಕೊಂಡಿದ್ದನಂತೆ, ನಾನು ಲೈಸೆನ್ಸು ತೆಗೆಸಿದ್ದು ಲಾರಿ ಓಡಿಸಲಿಕ್ಕೆ, ಆ ಮುದುಕ ನನ್ನನ್ನು ಹಾದಿಯ ಕುರಿ ಎಣಿಸಲಿಕ್ಕೆ ಹಚ್ಚಿದ ಎಂದು.

ಕುರಿ ಎಣಿಸುವ ಪರೀಕ್ಷೆ ಎಂಥದ್ದು? ಮುದಿಯಪ್ಪನನ್ನು ಕೆಲಸದ ಆಸೆಯಷ್ಟೇ ಇದೂ ಕೆರಳಿಸಿತು. ಬುಧವಾರ ಬೆಳಿಗ್ಗೆ ನರೇಗಲ್ಲಿಗೆ ಹೋದ.

ಕರೆಪ್ಪ ಎತ್ತರದ ಆಳು, ತಲೆಗೆ ಬಿಳಿ ರುಮಾಲು. ಹೆಸರು ಕೇಳಿದ, ಮುದಿಯಪ್ಪ ಎಂದಾಗ ನಗಲಿಲ್ಲ. ಹುಡುಗನನ್ನು ಮೇಲಿಂದ ಕೆಳಗೆ ನೋಡುವ ಗೋಜಿಗೂ ಹೋಗಲಿಲ್ಲ. ಎಡಕ್ಕೆ ಕೂರಲು ಹೇಳಿ ಲಾರಿ ಬಿಟ್ಟ. ಊರು ದಾಟಿ ರೋಣದ ಹಾದಿ ಹಿಡಿದದ್ದೇ ಕೇಳಿದ:

"ಮುಂದ ಏನೈತಿ?"

ಮುದಿಯಪ್ಪ ಕಣ್ಣಿಟ್ಟು ನೋಡಿದ. ಪರೀಕ್ಷೆ ಶುರುವಾಗಿದೆ, ಒಂದೂ ಬಿಡಬಾರದು. ಒಂದು ಕಲ್ಲಿದೆ, ಅದರ ಪಕ್ಕಕ್ಕೆ ಗೇಣಗಲದ ತೆಗ್ಗಿದೆ, ತೆಗ್ಗಿನ ಬಾಯಲ್ಲಿ ಎತ್ತಿನ ಲಾಳದ ತುಂಡು ಬಿದ್ದಿದೆ ಎಂದು ಒಪ್ಪಿಸಿದ. ಕರೆಪ್ಪ ಗಟ್ಟಿಯಾಗಿ ನಕ್ಕುಬಿಟ್ಟ.

"ತಮ್ಮಾ, ಇದು ಗಾಲಿ ಬುಡದ್ದು. ನಾ ಮುಂದಿಂದು ಕೇಳಿದೆ. ನೇಕಾರರ ಪೈಕಿ ಏನು?"

"ಹೌದ್ರಿ ಕಾಕಾ."

"ಅದಕ್ಕ. ಗೇಣುದ್ದದ ಆಚೆ ಜಗತ್ತ ಇಲ್ಲ ನಿಮಗ. ಕಣ್ಣ ಎತ್ತು. ಆ ದೊಡ್ಡ ಬೇವಿನ ಗಿಡದ ಕಡೆ ಏನ್ ಬರಾಕತ್ತೈತಿ ಹೇಳು."

ಮುದಿಯಪ್ಪನಿಗೆ ನಾಚಿಕೆಯಾಯಿತು. ನಿಜವೇ, ಹತ್ತು-ಹನ್ನೆರಡು ವರ್ಷ ಅವನ ಕಣ್ಣು ನೋಡಿದ್ದು ಎದೆಯ ಮುಂದಿನ ಬಟ್ಟೆಯನ್ನು. ಕಡಿದ ಒಂದು ಎಳೆಯನ್ನು ಸಾವಿರ ಎಳೆಯಲ್ಲಿ ಹಿಡಿಯುವ ಕಣ್ಣಿಗೆ ದೂರದ ಚಕ್ಕಡಿ ಕಾಣದು ಅಂತಲ್ಲ, ಅಲ್ಲಿಗೆ ಹೋಗುವ ಅಭ್ಯಾಸವೇ ಇಲ್ಲ. ಕತ್ತೆತ್ತಿ ನೋಡಿದ: ಬೇವಿನ ಮರ, ಅದರಾಚೆ ಎರಡು ಚಕ್ಕಡಿ, ಹಿಂದೆ ಕುರಿಹಿಂಡು. ಹೇಳಿದ. ಕುರಿ ಹಾದಿಯ ಯಾವ ಮಗ್ಗುಲಿಗಿವೆ, ಎಷ್ಟಿರಬಹುದು, ಕಾಯುವವ ಮುಂದಿದ್ದಾನೋ ಹಿಂದಿದ್ದಾನೋ ಎಂದು ಕರೆಪ್ಪ ಕೇಳುತ್ತಲೇ ಹೋದ, ಲಾರಿಯ ವೇಗ ಇಳಿಸುತ್ತಲೇ ಹೋದ. ನಾಲ್ಕು ಮಂದಿಗೆ ಅವಮಾನ ಎನಿಸಿದ್ದು ಇದೇ. ಮುದಿಯಪ್ಪನಿಗೆ ಹಾಗೆನಿಸಲಿಲ್ಲ; ಕಣ್ಣು ಎತ್ತಿದರೆ ಇಷ್ಟು ದೂರದವರೆಗೆ ಲೋಕವಿದೆ ಎಂಬುದೇ ಅವನಿಗೆ ಹೊಸದಾಗಿತ್ತು.

ಮರುದಿನ ಖಾಲಿ ಹಾದಿಯಲ್ಲಿ ಕರೆಪ್ಪ ಇಳಿದು, ಅವನನ್ನು ಓಡಿಸಲು ಕೂರಿಸಿದ. ಆ ಮಿಲಿಟರಿ ಲಾರಿಯ ಗೇರು ಸುಮ್ಮನೆ ಬೀಳುವಂಥದ್ದಲ್ಲ. ಎಡಗಾಲಲ್ಲಿ ಕ್ಲಚ್ಚು ಒತ್ತಿ ಬಿಡಬೇಕು, ಬಲಗಾಲಲ್ಲಿ ಒಂದು ಸಲ ಇಂಜಿನ್ನಿಗೆ ಎಣ್ಣೆ ಕೊಡಬೇಕು, ಮತ್ತೆ ಎಡಗಾಲು ಒತ್ತಿ ಗೇರು ಹಾಕಬೇಕು. ತಪ್ಪಿದರೆ ಹಲ್ಲು ಕಡಿಯುವ ಸದ್ದು ಅರ್ಧ ಹರದಾರಿಗೆ ಕೇಳುತ್ತದೆ. ಎಡ, ಬಲ, ಎಡ. ಮಗ್ಗದಲ್ಲಿ ಕಾಲಾಡಿಸಿದವನಿಗೆ ಇದೇನು ಹೊಸದು? ಗೇರು ಬೆಣ್ಣೆಯಲ್ಲಿ ಕೈ ಇಟ್ಟ ಹಾಗೆ ಬಿತ್ತು. ಎಡಗಡೆ ಕೂತ ಕರೆಪ್ಪ ಕಣ್ಣು ಮುಚ್ಚಿಕೊಂಡೇ ಇಂಜಿನ್ನಿನ ಸದ್ದು ಕೇಳುತ್ತಿದ್ದ. ಕಾಲು ಚಲೋ ಅದಾವ ಎಂದ. ಅಷ್ಟೇ ಮಾತು, ಆದರೆ ಮುದಿಯಪ್ಪನಿಗೆ ಧಾರವಾಡದ ಸಾಹೇಬರು ಲೈಸೆನ್ಸಿಗೆ ಸಹಿ ಹಾಕಿದಾಗಲೂ ಅಷ್ಟು ಸಂತೋಷವಾಗಿರಲಿಲ್ಲ.

ಎರಡೂ ದಿನ ಮಧ್ಯಾಹ್ನದ ಊಟ ಕರೆಪ್ಪನ ಮನೆಯಲ್ಲೇ. ಊಟದ ನಡುವೆ ಹುಬ್ಬಳ್ಳಿಯ ಕಾಗದದ ಸಂಗತಿಯನ್ನೂ ಮುದಿಯಪ್ಪ ಹೇಳಿದ್ದ. ಹೆಂಡತಿ ಸಿದ್ದವ್ವ ಮಾತು ಕಡಿಮೆಯ ಹೆಣ್ಣುಮಗಳು. ಬಿಸಿ ರೊಟ್ಟಿ ಬಡಿದು ಹಾಕಿ ಹುಡುಗನಿಗೂ ಗಂಡನಿಗೂ ಒಂದೇ ಪ್ರೀತಿಯಿಂದ ನೀಡಿದಳು. ಅಲ್ಲಿ ಮುದಿಯಪ್ಪನ ಗೇಣುದ್ದದ ಕಣ್ಣು ತನ್ನ ಹಳೆಯ ಕೆಲಸಕ್ಕೆ ಹೊರಳಿತು. ಸಿದ್ದವ್ವ ನೀರಿನ ಚರಿಗೆಯನ್ನು ಸುಮ್ಮನೆ ಇಡುವುದಿಲ್ಲ, ನೆಲಕ್ಕೆ ಠಣ್ ಎಂದು ತಾಗಿಸಿ ಇಡುತ್ತಾಳೆ. ಕರೆಪ್ಪನ ಕೈ ಸೀದಾ ಆ ಸದ್ದಿನ ಕಡೆಗೆ ಹೋಗುತ್ತದೆ. ಚಟ್ನಿ ಯಾವಾಗಲೂ ತಾಟಿನ ಬಲತುದಿಗೆ. ಒಂದು ಸಲ ಅವಳು ಮರೆತು ಎಡಕ್ಕೆ ಹಾಕಿದಾಗ ಕರೆಪ್ಪನ ಬೆರಳು ತಾಟಿನ ಅಂಚು ಹಿಡಿದು ಒಂದು ಸುತ್ತು ಬಂತು. ಹಾದಿಯಲ್ಲಿಯೂ ಹಾಗೇ. ಬೇವಿನ ಗಿಡ ಬರುವ ಮುಂಚೆಯೇ ಕರೆಪ್ಪ ಅದರ ಹೆಸರು ಹೇಳುತ್ತಿದ್ದ. ಆದರೆ ಸೈಕಲ್ಲಿನಲ್ಲಿ ಎದುರು ಬಂದ ಸಾಲಿ ಮಾಸ್ತರರಿಗೆ ಅವರು ಶರಣ್ರೀ ಎಂದು ಕೂಗಿದ ಮೇಲೆಯೇ ಕೈ ಎತ್ತಿದ್ದ.

ಮುದಿಯಪ್ಪನಿಗೆ ಇದೆಲ್ಲ ಎಲ್ಲೋ ಕಂಡದ್ದು ಎನಿಸಿತು. ಎಲ್ಲಿ ಎಂದು ನೆನಪಾಗಲು ಒಂದು ರಾತ್ರಿ ಹಿಡಿಯಿತು. ಅವನ ಅಪ್ಪ ಕಳಕಪ್ಪ ಮಗ್ಗದ ಕೊನೆಯ ಎರಡು ವರ್ಷ ಕೈಯಿಂದ ತಡವಿಯೇ ನೇಯುತ್ತಿದ್ದ. ಕಣ್ಣು ಹೋಗಿದ್ದನ್ನು ಯಾರಿಗೂ ಹೇಳಿರಲಿಲ್ಲ. ಮನೆಯವರಿಗೆ ಗೊತ್ತಿತ್ತು, ಆದರೆ ಹೇಳುವ ಧೈರ್ಯವಿಲ್ಲದೆ ಕಡಿದ ಎಳೆಗಳನ್ನು ಹಿಂದಿನಿಂದ ತಾವೇ ಕಟ್ಟುತ್ತಿದ್ದರು. ಒಂದು ದಿನ ಸೀರೆ ವ್ಯಾಪಾರಿ ಮಡಿಕೆ ಬಿಚ್ಚಿ ಓಣಿಯ ಮಂದಿಯೆದುರೇ ತೋರಿಸಿದ: ಕೆಂಪು ಇರಬೇಕಾದ ದಡಿಯಲ್ಲಿ ಒಂದು ಮೊಳ ಹಸಿರು. ಅಪ್ಪ ಮತ್ತೆ ಮಗ್ಗಕ್ಕಿಳಿಯಲಿಲ್ಲ, ಆರು ತಿಂಗಳಿಗೆ ಹೋದ. ಹಾಗಾದರೆ ಕರೆಪ್ಪ ಕೇಳುತ್ತಿರುವುದು ಪರೀಕ್ಷೆಯೇ ಅಲ್ಲವೇ? ಅನುಮಾನ ಬಂದದ್ದಕ್ಕೆ ಮುದಿಯಪ್ಪ ತನ್ನನ್ನೇ ಬೈದುಕೊಂಡ. ಕಣ್ಣು ಕಾಣದವನು ಲಾರಿ ಓಡಿಸುವುದುಂಟೆ?

ಮೂರನೇ ದಿನ, ಶುಕ್ರವಾರ, ನೂಲಿನ ಗಂಟು ಹೇರಿಕೊಂಡು ಗಜೇಂದ್ರಗಡಕ್ಕೆ ಬಂದರು. ಬಿಸಿಲು ಆಗಷ್ಟೇ ಬಿದ್ದಿತ್ತು. ಆ ಹೊತ್ತಿಗೆ ನೇಕಾರರು ಹಾಸಿನ ನೂಲನ್ನು ಬೀದಿಯುದ್ದಕ್ಕೂ ಸೊಂಟದೆತ್ತರಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ ಕುಂಚದಿಂದ ತೀಡುತ್ತಾರೆ. ಓಣಿಯೊಳಗೆ ಕಟ್ಟುವುದು ವಾಡಿಕೆ. ಅವತ್ತು ಓಣಿಯಲ್ಲಿ ಯಾರದೋ ಮನೆಯ ಗೋಡೆ ಬಿದ್ದು ಮಣ್ಣು ಹರಡಿದ್ದರಿಂದ ದೊಡ್ಡ ಬೀದಿಯ ತಿರುವಿನಲ್ಲಿಯೇ ಒಂದು ಹಾಸು ಕಟ್ಟಿದ್ದರು. ಕರೆಪ್ಪ ಹೇಳಿಕೊಟ್ಟಂತೆ ಮುದಿಯಪ್ಪ ದೂರ ನೋಡುತ್ತಿದ್ದ. ಆದರೆ ನೂಲನ್ನು ನೇಕಾರನ ಕಣ್ಣು ಬಿಟ್ಟೀತೇ? ತಿರುವು ತಿರುಗಿದ್ದೇ ಬೆಳಕಿನಲ್ಲಿ ಹಸಿ ಎಳೆಗಳು ಮಿನುಗಿದವು. ಅದರ ಪಕ್ಕದಲ್ಲಿ ಕುಂಚ ಹಿಡಿದ ಶಂಕ್ರವ್ವ, ಅವನ ಮನೆಯಿಂದ ಎರಡನೇ ಮನೆಯವಳು, ಈ ಕಡೆ ಬೆನ್ನು ಮಾಡಿ ಬಗ್ಗಿದ್ದಳು. ಲಾರಿ ನೆಟ್ಟಗೆ ಅವಳ ಕಡೆಗೇ ಹೋಗುತ್ತಿತ್ತು.

ಕಾಕಾ ಎಂದು ಕೂಗುವಷ್ಟರಲ್ಲಿ ಮುದಿಯಪ್ಪನ ಕೈ ನಡುವಿನ ಹ್ಯಾಂಡ್‌ಬ್ರೇಕನ್ನು ಎಳೆದಾಗಿತ್ತು. ಲಾರಿ ಕೆನೆದು, ಅಡ್ಡ ಜರುಗಿ, ಹಾಸಿನ ಗೂಟಕ್ಕೆ ಮೂತಿ ತಾಗಿಸಿ ನಿಂತಿತು. ಶಂಕ್ರವ್ವ ಕುಂಚ ಬಿಟ್ಟು ಕಟ್ಟೆಯ ಮೇಲೆ ಬಿದ್ದಳು. ಪೆಟ್ಟಾಗಲಿಲ್ಲ. ಎದ್ದವಳೇ, ನಿನ್ನ ಕಣ್ಣು ಕುರುಡಾಗ್ಯಾವೇನು ಎಂದು ಕರೆಪ್ಪನನ್ನು ಬೈದಳು. ಯಾರಾದರೂ ಬೈಯುವ ಮಾತೇ ಅದು, ಅವಳಿಗೆ ಅದರ ಅರ್ಥ ಗೊತ್ತಿರಲಿಲ್ಲ. ಸ್ಟೇರಿಂಗ್ ಹಿಡಿದು ಕೂತ ಕರೆಪ್ಪ ಮುದಿಯಪ್ಪನ ಕಡೆ ಮುಖ ತಿರುಗಿಸಿ ಸಣ್ಣ ದನಿಯಲ್ಲಿ ಕೇಳಿದ: "ಏನಾತು ತಮ್ಮಾ?"

ಅಷ್ಟೇ ಸಾಕಾಯಿತು ಮುದಿಯಪ್ಪನಿಗೆ. ಎದುರಿಗೆ ಎರಡು ಮೊಳ ದೂರದಲ್ಲಿ ಆದದ್ದನ್ನು ಈ ಮನುಷ್ಯ ಏನಾತು ಎಂದು ಕೇಳುತ್ತಿದ್ದಾನೆ.

ನೂಲು ಇಳಿಸಿ ಬರುವಾಗ ಲಾರಿ ಓಡಿಸಿದವನು ಮುದಿಯಪ್ಪ. ಊರ ಹೊರಗೆ ಒಂದು ಹುಣಸೆಯ ಮರದ ಕೆಳಗೆ ನಿಲ್ಲಿಸಿ, ಕಾಕಾ ನಿಮಗ ಕಾಣೂದಿಲ್ಲ ಎಂದ. ಕೇಳಲಿಲ್ಲ, ಹೇಳಿದ. ಕರೆಪ್ಪ ಸುಳ್ಳಾಡಲಿಲ್ಲ.

"ಎರಡು ವರ್ಷಾತು. ಮೊದಲ ಹೊಗಿ ಮುಚ್ಚಿದಂಗ ಆಗತಿತ್ತು, ಈಗ ನೆರಳಷ್ಟ ಕಾಣತೈತಿ," ಎಂದ. "ಆದ್ರೂ ಈ ಹಾದಿ ನನ್ನ ಮೈಯಾಗ ಐತೋ ತಮ್ಮಾ. ನಿಂತದ್ದೆಲ್ಲಾ ನನಗ ಗೊತ್ತು. ನಡಿಯೂದನ್ನ ಅಷ್ಟ ನೀ ಹೇಳು. ಸಾವ್ಕಾರ್ರಿಗೆ ನಾಳೆ ನಿನ್ನ ಹೆಸರು ಹೇಳ್ತೀನಿ. ನೀ ಊರ ಬಿಟ್ಟು ಹೋಗೂದು ಬ್ಯಾಡ, ನಾ ಸ್ಟೇರಿಂಗ್ ಬಿಡೂದು ಬ್ಯಾಡ."

ಮುದಿಯಪ್ಪ ಇಳಿದು ಹಾದಿಗೆ ಬಂದು ನಿಂತ. ಆ ಹೊತ್ತಿಗೆ ನರೇಗಲ್ಲಿನ ಮೇಲೆ ರೋಣಕ್ಕೆ ಹೋಗುವ ಲಾರಿಯೊಂದು ಬಂತು. ಅದರ ಕ್ಲೀನರನನ್ನು ಕರೆದು, ಹಾದಿಯಲ್ಲಿ ಬರುವುದನ್ನೆಲ್ಲ ಹೇಳುತ್ತಿರು ಎಂದು ಕರೆಪ್ಪನ ಎಡಗಡೆ ಕೂರಿಸಿ ಕಳಿಸಿದ ಮೇಲೆಯೇ ಮನೆಗೆ ನಡೆದ.

ಬೇಡಿದ ಕೆಲಸ ಬಾಗಿಲಿಗೇ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಹಾಗೆ ನೋಡಿದರೆ ಕರೆಪ್ಪ ಹೇಳಿದ್ದರಲ್ಲಿ ಸುಳ್ಳೇನಿತ್ತು? ಮೂರು ದಿನ ನಡೆದಿರಲಿಲ್ಲವೇ? ಇಬ್ಬರ ಕಣ್ಣು ಸೇರಿಸಿದರೆ ಒಂದು ಲಾರಿಗೆ ಬೇಕಾದಷ್ಟಾಗುತ್ತದೆ. ಹೀಗೆಲ್ಲ ಲೆಕ್ಕ ಹಾಕುತ್ತ ಮನೆಗೆ ಬಂದು, ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ದ್ರಾಕ್ಷಾಯಣಿಗೆ ಎಲ್ಲ ಹೇಳಿದ. ಶಂಕ್ರವ್ವ ಬಿದ್ದದ್ದು ಆಗಲೇ ಅವಳ ಕಿವಿಗೆ ಬಿದ್ದಿತ್ತು. ಅವಳು ಸುತ್ತುವುದನ್ನು ನಿಲ್ಲಿಸಿದಳು. ಗಂಡ ಊರಲ್ಲೇ ಉಳಿಯುತ್ತಾನೆ ಎಂಬ ಆಸೆ ಅವಳ ಮುಖದಲ್ಲಿ ಬಂದು ಹೋದದ್ದನ್ನು ಅವನು ನೋಡಿದ.

"ಮಾವನವ್ರು ಕೆಡಿಸಿದ್ದು ಸೀರಿ. ಸೀರಿ ಕೆಟ್ರ ಬಿಚ್ಚಬಹುದ್ರಿ," ಎಂದಳು. ಹೇಳಿ ಶಂಕ್ರವ್ವನ ಮನೆಯ ಕಡೆ ನೋಡಿದಳು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಮುದಿಯಪ್ಪ ನರೇಗಲ್ಲಿಗೆ ಹೋದ. ಸಾವಕಾರರ ಅಂಗಡಿಗೆ ಹೋಗುವ ಹಾದಿಯಲ್ಲೇ ಕರೆಪ್ಪನ ಮನೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಸಿದ್ದವ್ವ ತಲೆಯೆತ್ತಿ ನೋಡಿದಳು. ಇವನಿಗೆ ಅವಳ ಮುಖ ನೋಡುವುದಾಗಲಿಲ್ಲ. ತಲೆ ಬಗ್ಗಿಸಿಕೊಂಡು ದಾಟಿ ಹೋದ.

ಈಶಪ್ಪ ಸಾವಕಾರರು ಗಾದಿಯ ಮೇಲೆ ಕೂತಿದ್ದರು. ಮುದಿಯಪ್ಪ ಎಲ್ಲವನ್ನೂ ಹೇಳಿದ. ಹಾಸಿನ ಗೂಟ, ಶಂಕ್ರವ್ವ, ಏನಾತು ಎಂದು ಕೇಳಿದ್ದು, ಒಂದನ್ನೂ ಬಿಡಲಿಲ್ಲ. ಸಾವಕಾರರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ಅವರು ಹೇಳಿದ ಮಾತು ಮುದಿಯಪ್ಪ ಕನಸಿನಲ್ಲಿಯೂ ಎಣಿಸಿರಲಿಲ್ಲ.

"ನಿನಕಿಂತ ಮೊದಲ ನಾಕ ಮಂದಿ ಅವನ ಬಾಜೂಕ ಕುಂತು ಹೋಗ್ಯಾರ, ಒಬ್ಬರೂ ಹಿಂಗ ಹೇಳಲಿಲ್ಲ. ನಿನಗ ಅವನ ಜಾಗಾ ಬೇಕಾಗೈತಿ. ಹೌದಲ್ಲೋ?"

ಹೌದು, ಬೇಕಾಗಿತ್ತು. ಅದೇ ಅಲ್ಲವೇ ಕಷ್ಟ. ಬೇಕಾದವನು ಹೇಳಿದ ಸತ್ಯಕ್ಕೆ ಸುಳ್ಳಿನಷ್ಟೂ ಬೆಲೆಯಿಲ್ಲ ಎಂಬುದು ಮುದಿಯಪ್ಪನಿಗೆ ಆಗ ತಿಳಿಯಿತು. ಸಾವಕಾರರು ನ್ಯಾಯದ ಮನುಷ್ಯ, ಒಬ್ಬರ ಮಾತು ಕೇಳಿ ತೀರ್ಮಾನ ಮಾಡುವವರಲ್ಲ. ಕರೆಪ್ಪನನ್ನು ಕರೆಸಿದರು.

ಕರೆಪ್ಪ ಹಿತ್ತಿಲ ಅಂಗಳದಿಂದ ಬಂದ. ನಡುವಿನ ಒರಳುಕಲ್ಲನ್ನು ಬಳಸಿ, ಎತ್ತರದ ಹೊಸ್ತಿಲನ್ನು ಅಳತೆ ತಪ್ಪದೆ ದಾಟಿ, ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು ಕೈ ಮುಗಿದ. ಹುಡುಗ ಹೇಳಿದ್ದನ್ನು ಸಾವಕಾರರು ಅವನ ಎದುರೇ ಹೇಳಿ, ಮುಜುಗರಪಡುತ್ತಲೇ, ಎದುರಿನ ಗೋಡೆಯ ಮೇಲೆ ಏನೇನಿದೆ ಹೇಳು ಎಂದರು. ಕರೆಪ್ಪ ಗೋಡೆಗೆ ಮುಖ ಮಾಡಿ ನಿಂತ. ಮೇಲೆ ಗಡಿಯಾರ, ಅದರ ಗಾಜು ಎಡಕ್ಕೆ ಬಿರುಕು ಬಿಟ್ಟಿದೆ ಎಂದ. ಕೆಳಗೆ ದೊಡ್ಡ ಸಾವಕಾರರ ಫೋಟೋ, ಅದಕ್ಕೆ ಗಂಧದ ಮಾಲೆ, ಬಲಕ್ಕೆ ದೇವರ ಗೂಡು, ಗೂಡಿನ ಕೆಳಗೆ ಮೊಳೆಗೆ ಸಿಕ್ಕಿಸಿದ ರಸೀದಿಗಳು. ಎಲ್ಲವೂ ಸರಿಯಾಗಿತ್ತು. ಇಪ್ಪತ್ತು ವರ್ಷದಿಂದ ಎಲ್ಲವೂ ಅಲ್ಲಲ್ಲೇ ನಿಂತಿದ್ದವು.

ಸಾವಕಾರರ ಮುಖ ಹಗುರಾಯಿತು. ಮುದಿಯಪ್ಪನ ಕಡೆ ನೋಡಿದ ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಕರೆಪ್ಪನೇ ಅವನ ಪರವಾಗಿ ಮಾತಾಡಿ, ಹುಡುಗ ಕೆಟ್ಟವನಲ್ಲ, ಹೊಟ್ಟೆಪಾಡಿಗೆ ಹೇಳಿದ್ದಾನೆ, ಬೈಯಬೇಡಿ ಎಂದು ಕೇಳಿಕೊಂಡ. ಮುದಿಯಪ್ಪನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆಗ ಅವನು ಬಾಗಿಲ ಕಡೆ ನೋಡಿದ. ಬೀದಿಯ ಬಾಗಿಲಲ್ಲಿ ಸಿದ್ದವ್ವ ನಿಂತಿದ್ದಳು. ತಲೆ ತುಂಬ ಸೆರಗು, ಕಂಕುಳಲ್ಲಿ ರೊಟ್ಟಿಯ ಗಂಟು. ಅವಳು ಅಂಗಡಿಯ ಬಾಗಿಲಿಗೆ ಯಾವತ್ತೂ ಬಂದವಳಲ್ಲ. ಯಾವಾಗ ಬಂದಳೋ, ಎಷ್ಟು ಕೇಳಿದಳೋ. ಮನೆಯಲ್ಲಿ ಚರಿಗೆಯನ್ನು ಠಣ್ ಎನಿಸದೆ ಇಡದ ಹೆಣ್ಣುಮಗಳು ಇಲ್ಲಿ ಬಲಗೈಯಿಂದ ಎಡಗೈಯ ಬಳೆಗಳನ್ನು ಬಿಗಿಯಾಗಿ ಹಿಡಿದು, ಸಣ್ಣ ಸದ್ದೂ ಆಗದಂತೆ ನಿಂತಿದ್ದಳು. ಸಾವಕಾರರ ಕಣ್ಣು ಅವಳ ಕಡೆ ಹೋಗಿರಲಿಲ್ಲ. ಗೋಡೆಯಿಂದ ತಿರುಗಿದ್ದ ಕರೆಪ್ಪನ ಮುಖ ಮಾತ್ರ ಬಾಗಿಲಿಗೆ ನೇರವಾಗಿತ್ತು, ಆ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಬಾಗಿಲಲ್ಲಿ ಯಾರಿದ್ದಾರೆ ಕೇಳಿರಿ ಎಂದರೆ ಮುಗಿಯುತ್ತಿತ್ತು. ಒಂದೇ ಮಾತು. ಸುಳ್ಳುಗಾರ ಎಂಬ ಹೆಸರು ಹೋಗುತ್ತಿತ್ತು, ಕೆಲಸ ಬರುತ್ತಿತ್ತು, ಸೋಮವಾರ ಹುಬ್ಬಳ್ಳಿಯ ಬಸ್ಸು ಹತ್ತುವುದು ತಪ್ಪುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂತು. ಆದರೆ ಸೀರೆ ವ್ಯಾಪಾರಿ ಓಣಿಯ ಮಂದಿಯೆದುರು ಮಡಿಕೆ ಬಿಚ್ಚಿ ಹಿಡಿದಿದ್ದ ಕೈ ನೆನಪಾಯಿತು. ಹೆಂಡತಿಯ ಎದುರಿನಲ್ಲಿ ಅವಳ ಗಂಡನ ಕುರುಡು ಬಿಚ್ಚಿ ತೋರಿಸುವ ಆ ಕೈ ತನ್ನದಾಗುವುದು ಬೇಡ ಎನಿಸಿತು. ಮುದಿಯಪ್ಪ ಬಾಯಿ ತೆರೆಯಲಿಲ್ಲ.

ಇನ್ನು ಹೋಗಬಹುದು ಎಂದು ಸಾವಕಾರರು ಇಬ್ಬರಿಗೂ ಹೇಳಿದರು. ಲಾರಿ ಬೀದಿಯಲ್ಲಿ ನಿಂತಿತ್ತು. ಕರೆಪ್ಪ ರುಮಾಲು ಸರಿ ಮಾಡಿಕೊಂಡು, ಗೆದ್ದವನ ಗತ್ತಿನಲ್ಲಿ ಬೀದಿಯ ಬಾಗಿಲ ಕಡೆ ನಡೆದ. ಅಡ್ಡ ನಿಂತ ನೆರಳು ಅವನಿಗೆ ಕಂಡಿರಬೇಕು. ಒಂದು ಹೆಜ್ಜೆ ದೂರದಲ್ಲಿ ನಿಂತು, ಯಾರೋ ವ್ಯಾಪಾರಕ್ಕೆ ಬಂದ ಹೆಣ್ಣುಮಗಳಿಗೆ ಹೇಳುವ ಮರ್ಯಾದೆಯಲ್ಲಿ ಹೇಳಿದ:

"ಸಾವ್ಕಾರ್ರು ಒಳಗ ಅದಾರ, ಬರ್ರಿ ತಾಯಿ."

ಸಾವಕಾರರು ಗಾದಿಯಿಂದ ಅರ್ಧ ಎದ್ದವರು ಹಾಗೆಯೇ ಉಳಿದರು. ಸಿದ್ದವ್ವ ಬಳೆ ಹಿಡಿದಿದ್ದ ಕೈ ಸಡಿಲ ಬಿಟ್ಟಳು.

"ನಾನರಿ," ಎಂದಳು.

ಕರೆಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. ಬೆನ್ನು ಇವರ ಕಡೆಗಿತ್ತು, ಮುಖ ಯಾರಿಗೂ ಕಾಣಲಿಲ್ಲ. ಅಲ್ಲೇ ಎಷ್ಟು ಹೊತ್ತು ನಿಂತನೋ, ಬೀದಿಯಲ್ಲಿ ಎರಡು ಚಕ್ಕಡಿ ಹಾದುಹೋದವು. ಸಿದ್ದವ್ವ ಅವನನ್ನು ಮುಟ್ಟಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ, ಎದುರಿಗೆ ನಿಂತೇ ಇದ್ದಳು. ಇಷ್ಟು ದಿನ ಸದ್ದು ಮಾಡಿ ಕಾಪಾಡಿದವಳು ಇವತ್ತು ಬೇಕೆಂದೇ ಸದ್ದು ಮಾಡಲಿಲ್ಲ ಎಂದು ಮುದಿಯಪ್ಪನಿಗೆ ಆಗ ಹೊಳೆಯಿತು.

ಕರೆಪ್ಪ ತಿರುಗಿದ. ಅಂಗಿಯ ಕಿಸೆಯಿಂದ ಲಾರಿಯ ಕೀಲಿ ತೆಗೆದು, ಮುದಿಯಪ್ಪ ನಿಂತಿದ್ದಾನೆ ಎಂದುಕೊಂಡ ಕಡೆಗೆ ಕೈ ಚಾಚಿದ. ಆ ಕಡೆ ಬರೀ ಶೇಂಗಾದ ಚೀಲಗಳಿದ್ದವು. ಸಾವಕಾರರು ಏನೋ ಹೇಳಲು ಹೋದರು. ಮುದಿಯಪ್ಪ ಕೈಸನ್ನೆಯಲ್ಲೇ ಬೇಡ ಎಂದ. ಹೆಜ್ಜೆಯ ಸದ್ದಾಗದಂತೆ ಚೀಲಗಳ ಪಕ್ಕಕ್ಕೆ ಸರಿದು, ಆ ಕೈ ಎಲ್ಲಿ ಚಾಚಿತ್ತೋ ಸರಿಯಾಗಿ ಅದರ ಎದುರಿಗೆ ಹೋಗಿ ನಿಂತು, ಮೊದಲಿಂದಲೂ ಅಲ್ಲೇ ಇದ್ದವನಂತೆ ಕೀಲಿ ತೆಗೆದುಕೊಂಡ.